ಹಡಗು ಖಾಲಿ ಹೋದಾಗಲೂ ಹಸಿರಾಗಿದ್ದ ಗ್ರೀನ್‌ಡೆಕ್ ಅವರಿಗೆ

ಮಾನ್ಯ ಗ್ರೀನ್‌ಡೆಕ್ ಅವರೇ,

ತಮ್ಮ ಪರದೆಯ ಚೌಕಗಳೆಲ್ಲ ಹಸಿರಾಗಿರುವ ಶುಭ ಗಳಿಗೆಯಲ್ಲಿಯೇ ಈ ಬಹಿರಂಗ ಪತ್ರ ತಮ್ಮನ್ನು ತಲುಪಲಿ ಎಂದು ಹಾರೈಸುತ್ತೇನೆ. ಅವು ಹಸಿರಾಗಿರದ ಗಳಿಗೆಯೊಂದನ್ನು ನಾನಿನ್ನೂ ಕಂಡಿಲ್ಲವಾದ್ದರಿಂದ ಹಾರೈಕೆ ಸುಳ್ಳಾಗುವ ಭಯವೂ ಇಲ್ಲ.

ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಯಲ್ಲಿ, ಲಿಟಲ್ ಸೋರೆಲ್ ದ್ವೀಪಕ್ಕೆ ಹೋಗಿಬರುವ ಒಂದೇ ಒಂದು ಹಡಗಿನ ಟಿಕೆಟ್ಟು, ಪ್ರಯಾಣಿಕರ ಪಟ್ಟಿ, ಹವಾಮಾನದ ಸೂಚನೆ ಎಲ್ಲವನ್ನೂ ಹೊತ್ತಿರುವ ಲಿನಕ್ಸ್ ಸರ್ವರ್‌ಗಳನ್ನು ಇಷ್ಟು ವರ್ಷ ಸಿರಿಲ್ ಹೈನ್ಸ್ ಮತ್ತು ನಾನು ನೋಡಿಕೊಳ್ಳುತ್ತಿದ್ದೆವು. ಹೊಸ ತಂತ್ರಾಂಶ ಹಾಕುವುದು, ಹಾಕಿದ್ದು ನಡೆಯುತ್ತಿದೆಯೇ ಎಂದು ಕಣ್ಣಿಡುವುದು, ಎರಡನ್ನೂ ತಾವೊಬ್ಬರೇ ಮಾಡಬಲ್ಲಿರೆಂದು ನಂಬಿ ನಮ್ಮ ವ್ಯವಸ್ಥಾಪಕರಾದ ಪೈಕ್ ಅವರು ಈ ವರ್ಷ ತಂತ್ರಾಂಶರೂಪಿಯಾದ ತಮ್ಮನ್ನು ಬರಮಾಡಿಕೊಂಡರು. ತಾವು ಬಂದವರೇ ಸರ್ವರ್‌ಗಳ ಸಾಲಿನ ಕೆಳಗೆ ಸಿರಿಲ್‌ಗೂ ನನಗೂ ಒಂದೊಂದು ಚೌಕ ದಯಪಾಲಿಸಿದಿರಿ. ನಮ್ಮ ಕಂಪ್ಯೂಟರು ತಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರೆ ನಾವು ಕುರ್ಚಿಯಲ್ಲಿದ್ದೇವೆ ಎಂದು ತಮ್ಮ ಲೆಕ್ಕ, ನಮ್ಮ ಚೌಕವೂ ಹಸಿರು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಶುಕ್ರವಾರ ಮಧ್ಯಾಹ್ನವಾಯಿತೆಂದರೆ ಸಿರಿಲ್ ತನ್ನ ಹಳೆಯ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಕುರ್ಚಿಯ ಬೆನ್ನಿಗೆ ತೊಡಿಸುತ್ತಾನೆ. ಅದು ಅಲ್ಲಿರುವವರೆಗೆ, ಅಂದರೆ ಮುಂದಿನ ಕೆಲಸದ ದಿನದವರೆಗೆ, ಯಾರೂ ಯಾವ ಸರ್ವರಿಗೂ ಹೊಸದೇನನ್ನೂ ಹಾಕುವಂತಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶುಕ್ರವಾರವೂ ಜಾಕೆಟ್ಟು ಅಲ್ಲಿಯೇ ಇತ್ತು. ತಮಗೆ ಕಣ್ಣಿಲ್ಲದಿರುವುದು ತಮ್ಮ ತಪ್ಪಲ್ಲ. ನಮ್ಮ ಊಟವಾದ ಮೇಲೆ ತಾವು ತಂತ್ರಾಂಶದ ಹೊಸ ಆವೃತ್ತಿಯೊಂದನ್ನು, ದೊಡ್ಡದು ಚಿಕ್ಕದು ಎಂಬ ಭೇದಭಾವವಿಲ್ಲದೆ, ಎಲ್ಲ ಸರ್ವರ್‌ಗಳಿಗೂ ಒಂದೇ ಏಟಿಗೆ ಹಂಚಿದಿರಿ. ಇಷ್ಟೊಂದು ಸಮಾನತೆಯನ್ನು ನಾನು ಯಾವ ಸರ್ಕಾರದಲ್ಲಿಯೂ ಕಂಡಿಲ್ಲ.

ಪ್ರಯಾಣಿಕರ ಪಟ್ಟಿಯ ಸರ್ವರ್ ಮಲಗಿದ್ದು ಆಗಲೇ. ಅದರ ಜಾಗದಲ್ಲಿ, ಹಿಂದೊಮ್ಮೆ ನಾನೇ ಬರೆದಿಟ್ಟಿದ್ದ, 'ಕ್ಷಮಿಸಿ, ಸೇವೆ ಸದ್ಯಕ್ಕಿಲ್ಲ' ಎಂಬ ಪುಟ ಎದ್ದು ನಿಂತಿತು. ತಾವು ಆ ಪುಟವನ್ನು ಕ್ಷೇಮವೇ ಎಂದು ವಿಚಾರಿಸಿದಿರಿ. ಕ್ಷಮೆ ಕೇಳುವುದರಲ್ಲಿ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲವಾದ್ದರಿಂದ ಅದು ತಕ್ಷಣ ಉತ್ತರ ಕೊಟ್ಟಿತು, ತಾವು ತೃಪ್ತರಾಗಿ ಚೌಕಕ್ಕೆ ಹಸಿರು ಬಳಿದಿರಿ.

ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹತ್ತಿಸಬಾರದೆಂಬುದು ಇಲ್ಲಿಯ ಕಡಲಿನ ಕಟ್ಟುನಿಟ್ಟು. ಪಟ್ಟಿ ಖಾಲಿಯೆಂದು ಹಡಗು ಹೊತ್ತಿಗೆ ಹೊರಡದೆ ನಿಲ್ಲುವಂತೆಯೂ ಇಲ್ಲ. ಅಂದು ಗೇಟಿಗೆ ಬಂದದ್ದು ಖಾಲಿ ಪಟ್ಟಿ. ಹಡಗುಕಟ್ಟೆಯ ಗೇಟಿನಲ್ಲಿ ಕೂರುವ ಫಿಲೊಮಿನಾ ನನಗೆ ಫೋನು ಮಾಡಿ, "ವರ್ನಾ, ಹಡಗು ಖಾಲಿ ಹೋಗ್ತಾ ಇದೆ ಕಣೇ. ಜನ ಎಲ್ಲಾ ಇಲ್ಲೇ ನಿಂತಿದಾರೆ," ಎಂದಳು. ಕಾರಿನ ಡಿಕ್ಕಿಗಳಲ್ಲಿ ಹಬ್ಬದೂಟದ ಮಂಜುಗಟ್ಟಿಸಿದ ಟರ್ಕಿ ಕೋಳಿಗಳನ್ನು ಇಟ್ಟುಕೊಂಡು ಹಬ್ಬಕ್ಕೆ ಮನೆಗೆ ಹೊರಟವರ ಸಾಲು ಚರ್ಚಿನ ತಿರುವಿನವರೆಗೂ ಇದ್ದದ್ದು ನಮ್ಮ ಕಿಟಕಿಯಿಂದಲೇ ಕಾಣುತ್ತಿತ್ತು. ಪೈಕ್ ಅವರು ಕಿಟಕಿಗೆ ಬೆನ್ನು ಮಾಡಿ ತಮ್ಮ ಪರದೆಯನ್ನು ನೋಡಿದರು. "ಎಲ್ಲಾ ಹಸಿರಿದೆ ನೋಡಮ್ಮ. ಆ ಜನಕ್ಕೇ ಏನೋ ತಪ್ಪು ತಿಳುವಳಿಕೆ ಆಗಿರ್ಬೇಕು."

ಸಿರಿಲ್ ವಾದಕ್ಕೆ ನಿಲ್ಲಲಿಲ್ಲ. ವೈರ್‌ಲೆಸ್ಸಿನಲ್ಲಿ ಕ್ಯಾಪ್ಟನ್ನರಿಗೆ ಹಡಗು ತಿರುಗಿಸಲು ಹೇಳಿದ, ಜಾಕೆಟ್ಟನ್ನು ಕುರ್ಚಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ, ತಮ್ಮ ಹೊಸ ಆವೃತ್ತಿಯನ್ನು ಕಿತ್ತು ಹಳೆಯದನ್ನು ಹಾಕಿದ. ಹಡಗು ಕಟ್ಟೆಗೆ ಮರಳುವ ಹೊತ್ತಿಗೆ ಪಟ್ಟಿ ತುಂಬಿತ್ತು. ಕತ್ತಲಾಗುವ ಮುನ್ನ ಎಲ್ಲರೂ ಮನೆ ಸೇರಿದರು.

ಇದನ್ನೆಲ್ಲ ತಾವು ತಿಂಗಳ ವರದಿಯಲ್ಲಿ ಹೇಗೆ ಬಣ್ಣಿಸಿದಿರೆಂಬುದನ್ನು ಓದಿದೆ. ಸೇವೆಯಲ್ಲಿ ಅಡಚಣೆ: ಇಲ್ಲ. ದೋಷ: ಒಂದು. ಆ ಒಂದು ಯಾವುದೆಂದರೆ, ಶುಕ್ರವಾರ ಮಧ್ಯಾಹ್ನ ನೌಕರ ಹೈನ್ಸ್ ಅನುಮತಿಯಿಲ್ಲದೆ ಮಾಡಿದ ಬದಲಾವಣೆ. ಎಲ್ಲವೂ ಹಸಿರಿರುವ ಕಚೇರಿಗೆ ಇಬ್ಬರೇಕೆ, ಅದರಲ್ಲೂ ಒಬ್ಬ ದೋಷವೇ ಆಗಿರುವಾಗ, ಎಂದು ಮೇಲಿನವರು ಕೇಳಿದ್ದಾರೆ. ಈ ಶುಕ್ರವಾರ ಸಿರಿಲ್‌ನ ಕೊನೆಯ ದಿನ. ಅವನಿಗೆ ತಮ್ಮ ಮೇಲೆ ಕೋಪವೂ ಇಲ್ಲ. "ಅದು ಕೇಳಿದ್ದಕ್ಕೆ ಉತ್ತರ ಸಿಕ್ತು, ಸುಮ್ಮನಾಯ್ತು. ಕಿಟಕಿ ಇದ್ದಿದ್ದು ನಮಗಲ್ವಾ ವರ್ನಾ," ಎಂದಷ್ಟೇ ಹೇಳಿದ. ನನಗೆ ಮಾತ್ರ ಅಷ್ಟು ಒಳ್ಳೆಯತನ ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ತಾವೊಮ್ಮೆ ಆ ಪರದೆಯಿಂದ ಇಳಿದು ಬಂದು, ಕಟ್ಟೆಯ ಗಾಳಿಯಲ್ಲಿ ಫಿಲೊಮಿನಾಳ ಪಕ್ಕ ನಿಂತು, ಡಿಕ್ಕಿಯಲ್ಲಿ ಟರ್ಕಿಯ ಮಂಜು ಕರಗುತ್ತಿರುವವರಿಗೆ ಅಡಚಣೆಯೇನೂ ಇಲ್ಲವೆಂದು ತಾವೇ ವಿವರಿಸಬೇಕು. ಸಾಧ್ಯವಾದರೆ ಲೈಫ್ ಜಾಕೆಟ್ಟಿನ ತಮ್ಮ ಅಳತೆ ತಿಳಿಸಬೇಕು. ಇವೆರಡೂ ಆಗದಿದ್ದರೆ, ವರದಿಯ ಆ ಒಂದು ದೋಷದ ಮುಂದೆ ತಮ್ಮ ಹೆಸರನ್ನು ಬರೆದುಕೊಳ್ಳಬೇಕು. ಮೂರನೆಯದು ನಿಜವಾದ ಬೇಡಿಕೆ. ಅದನ್ನು ಪೈಕ್ ಅವರ ಮುಂದೆಯೂ ಇಟ್ಟೆ. ತಮ್ಮ ವರದಿಯನ್ನು ತಿದ್ದುವ ಗುಂಡಿ ಎಲ್ಲಿದೆಯೆಂದು ಅವರಿಗೆ ತಿಳಿದಿಲ್ಲವಂತೆ.

ತಮ್ಮ ಹಸಿರಿನಲ್ಲಿ ಈ ಪತ್ರ ಮುಗಿಯುವವರೆಗೆ ಮಾತ್ರ
ವಿಶ್ವಾಸವಿಟ್ಟಿರುವ,
ವರ್ನಾ ಬಗ್ಡೆನ್

ತಾ.ಕ.: ಶುಕ್ರವಾರ ಮಧ್ಯಾಹ್ನ ಸಿರಿಲ್ ಹೊರಡುವಾಗ ನಾನೂ ಅವನ ಜೊತೆಗೇ ಹೊರಡುತ್ತಿದ್ದೇನೆ. ರಾಜೀನಾಮೆ ಪೈಕ್ ಅವರ ಮೇಜಿನ ಮೇಲಿದೆ. ಅವರು ಪರದೆಯಿಂದ ಕಣ್ಣು ತೆಗೆದಾಗ ಓದಿಕೊಳ್ಳುತ್ತಾರೆ. ತಾವು ಗಾಬರಿಯಾಗುವುದು ಬೇಡ. ನನ್ನ ಕಂಪ್ಯೂಟರಿನಲ್ಲಿ 'ಕ್ಷಮಿಸಿ, ವರ್ನಾ ಸದ್ಯಕ್ಕಿಲ್ಲ' ಎಂಬ ಪುಟವೊಂದನ್ನು ಹಾಕಿಟ್ಟಿದ್ದೇನೆ. ತಾವು ಎಷ್ಟು ಸಲ ಕೇಳಿದರೂ ಅದು ತಕ್ಷಣ ಉತ್ತರ ಕೊಡುತ್ತದೆ.