ಗೋಡೆ ಬೀಳುವಾಗ ಬರೆದ ವ್ಯಾಕರಣ

ಕೆಲವು ಭಯಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾಗುವುದಿಲ್ಲ. ನನಗೆ ಗೋಡೆಗೆ ಒರಗಿ ಕೂರಲು ಭಯ. ಮದುವೆ ಮನೆಯಲ್ಲಿ ಉಂಡವರೆಲ್ಲ ಗೋಡೆ ಹಿಡಿದರೆ ನಾನೊಬ್ಬ ನಡುಮನೆಯಲ್ಲಿ ಕಂಬದ ಹಾಗೆ ಕೂತಿರುತ್ತೇನೆ. "ಗೋಡೆ ಏನ್ ಕಚ್ಚತೈತೇನ್ರಿ?" ಎನ್ನುತ್ತಾಳೆ ಹೆಂಡತಿ. ಕಚ್ಚುವುದಿಲ್ಲ, ಬೀಳುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಎಂ.ಎ. ಮುಗಿಸಿ, ನ್ಯಾಮತಿ ಹತ್ತಿರದ ತಾಂಡಾವೊಂದರಲ್ಲಿ ಲಂಬಾಣಿ ಭಾಷೆಗೊಂದು ಪುಟ್ಟ ವ್ಯಾಕರಣ ಬರೆಯಲು ಕೂತಿದ್ದೆ. ಭಾಷೆ ಹೇಳಿಕೊಡುತ್ತಿದ್ದವರು ಸೋನಿಬಾಯಿ. ತಾಂಡಾದವರಿಗೆಲ್ಲ ಅವರು ಯಾಡಿ, ಅಂದರೆ ತಾಯಿ, ನನಗೂ ಹಾಗೆಯೇ. ನಾನು ಕನ್ನಡದಲ್ಲಿ ಒಂದು ವಾಕ್ಯ ಹೇಳುವುದು, ಅವರು ಅದನ್ನು ಲಂಬಾಣಿಯಲ್ಲಿ ಹೇಳುವುದು. "ಇನ್ನೊಂದ್ಸಲ, ನಿಧಾನಕ್ಕೆ" ಎಂದರೆ ಬಿಡಿಸಿ ಬಿಡಿಸಿ ಮತ್ತೆ ಹೇಳುವುದು. "ಹುಡುಗ ಹಣ್ಣು ತಿಂದ, ಹುಡುಗಿ ಹಣ್ಣು ತಿಂದಳು. ಈ ಹಣ್ಣು ಮುಗಿಯಾದು ಯಾವಾಗ್ರಿ ಮೇಷ್ಟ್ರೇ?" ಎಂದು ನಗುತ್ತಿದ್ದರು. ನನಗೂ ಆ ಹಣ್ಣು ಸಾಕಾಗಿತ್ತು. ತಾನಾಗಿ ಬಾಯಿಂದ ಬಿದ್ದ ಒಂದೇ ಒಂದು ಮಾತಿಗೆ ಕಾದು ಕೂತಿದ್ದೆ.

ವಾರವಿಡೀ ಸುರಿದ ಮಳೆ ಬಿಟ್ಟ ಒಂದು ಮಧ್ಯಾಹ್ನ, ಕೊಟ್ಟಿಗೆಯ ಮಣ್ಣಿನ ಗೋಡೆಗೆ ಒರಗಿ ಬರೆಯುತ್ತಿದ್ದೆ. ಎದುರಿಗೆ ಸೊಪ್ಪು ಸೋಸುತ್ತಿದ್ದ ಯಾಡಿ ತಟ್ಟನೆ ಮೇಲೆ ನೋಡಿ ಲಂಬಾಣಿಯಲ್ಲಿ ಏನೋ ಕೂಗಿದರು. ಗಾಬರಿಗೆ ಕನ್ನಡ ಬಾಯಿಗೆ ಬಂದಿರಲಿಲ್ಲ. ಆಹಾ, ಎಂಥ ಸಹಜವಾದ ಮಾತು! "ಇನ್ನೊಂದ್ಸಲ ಯಾಡಿ, ನಿಧಾನಕ್ಕೆ" ಎಂದೆ. ನಾನೇ ಹತ್ತಿಸಿದ ಅಭ್ಯಾಸ; ಆ ಮಹಾತಾಯಿ ಬಿಡಿಸಿ ಬಿಡಿಸಿ ಹೇಳಿಯೇಬಿಟ್ಟರು. ಕನ್ನಡದಲ್ಲಾದರೆ, 'ಏಳು, ಗೋಡೆ ಬೀಳ್ತಿದೆ.' ಹೇಳಿ ಮುಗಿದ ಮೇಲೆ ಇಬ್ಬರಿಗೂ ಅರ್ಥವಾಯಿತು. ಸೊಪ್ಪು ಚೆಲ್ಲಿ ನನ್ನ ರಟ್ಟೆ ಹಿಡಿದು ಎಳೆದರು. ನಾನು ಕೂತಿದ್ದ ಚಾಪೆಯ ಮೇಲೆ ಗೋಡೆ ಕೂತಿತು. ಆ ಸದ್ದು ಈಗಲೂ ನನ್ನ ನಿದ್ದೆಯೊಳಗೆ ಬೀಳುತ್ತದೆ.

ನನಗೆ ನೀರು ಕುಡಿಸಿ, ತಲೆಯ ಮಣ್ಣು ಕೊಡವುತ್ತಾ ಬೈದರು: "ಸಾಯಾಕೆ ನಮ್ ತಾಂಡಾನೇ ಬೇಕಿತ್ತೇನ್ರಿ? ನಿಮ್ಮವ್ವಗೆ ನಾನು ಏನಂತ ಹೇಳ್ಬೇಕಿತ್ತು?"

ವ್ಯಾಕರಣ ಅಚ್ಚಾದಾಗ ಮೊದಲ ಪ್ರತಿ ಹಿಡಿದು ತಾಂಡಾಕ್ಕೆ ಹೋದೆ. ಮನೆ ಮಂದಿಯೆಲ್ಲ ಸುತ್ತ ಕೂತರು. "ಏನ್ ಬರ್ದೀರಿ, ಓದ್ರಿ" ಎಂದರು ಯಾಡಿ. ಕೃತಜ್ಞತೆಯಿಂದ ಅವರದೇ ಆ ವಾಕ್ಯವನ್ನು, ಅವರದೇ ಧಾಟಿಯಲ್ಲಿ, ಗಟ್ಟಿಯಾಗಿ ಓದಿದೆ. ಮನೆಯವರೆಲ್ಲ ಎದ್ದು ಬಾಗಿಲಿನತ್ತ ಓಡಿದರು! ಉಚ್ಚಾರಣೆ ಸರಿಯಾಗಿಯೇ ಇದೆ ಎಂದು ಹಿಗ್ಗುತ್ತಾ ನಾನು ಕೂತೇ ಇದ್ದೆ. ಯಾಡಿ ಮಾತ್ರ ಬಾಗಿಲಿನ ಕಡೆ ನೋಡಲೂ ಇಲ್ಲ. ಮೊದಲು ನನ್ನ ರಟ್ಟೆ ಹಿಡಿದರು.