ಎರಡಕ್ಕೆ ಮೂರು, ಐದಕ್ಕೆ ಆರು

ನೆವಾಡಾ ರಾಜ್ಯದ ಉತ್ತರ ಹೆದ್ದಾರಿಯಲ್ಲಿರುವ ‘ಹಿತ್ತಾಳೆ ಹೇಸರಗತ್ತೆ’ ಕ್ಯಾಸಿನೋದಲ್ಲಿ ಇಂದಿನವರೆಗೆ ಯಾವ ಅತಿಥಿಯೂ ಸೋತಿಲ್ಲ. ಸೋಲು ಎಂಬ ಶಬ್ದವನ್ನು ಆಡಳಿತ ಮಂಡಳಿಯು ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದು, ಅದರ ಬದಲು ‘ಸಹಭಾಗಿತ್ವ’ ಎಂದು ಬರೆಯತಕ್ಕದ್ದೆಂದು ಸುತ್ತೋಲೆ ಹೊರಡಿಸಿದೆ. ಆದ್ದರಿಂದ ಮುಂದೆ ಹೇಳುವ ಸಂಗತಿಯಲ್ಲಿ ಯಾರಾದರೂ ಸೋತಂತೆ ಕಂಡರೆ ಅದು ಓದುವವರ ಕಣ್ಣಿನ ದೋಷ.

ನಾಲ್ಕನೇ ಮೇಜಿನಲ್ಲಿ ಬರ್ನಡೀನ್ ಉಗಾಲ್ಡೆ ಇಪ್ಪತ್ತೇಳು ವರ್ಷದಿಂದ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದ ಎಲೆ ಹಂಚುತ್ತಿದ್ದಳು. ಅವಳ ಅಪ್ಪ ಫೆರ್ಮಿನ್ ಬಾಸ್ಕ್ ಸೀಮೆಯಿಂದ ಇಲ್ಲಿಗೆ ಕುರಿ ಕಾಯಲು ಬಂದವನು. ಬೇಸಿಗೆಯೆಲ್ಲ ಗುಡ್ಡದ ಮೇಲೆ ಕುರಿಗಳ ಜೊತೆ ಒಬ್ಬನೇ. ಮಾತಿಗೆ ಜನ ಸಿಗದ ಕುರುಬರೆಲ್ಲ ಮಾಡುವ ಹಾಗೆ ಅವನೂ ಆಸ್ಪೆನ್ ಮರವೊಂದರ ಬಿಳಿ ತೊಗಟೆಯಲ್ಲಿ ಚಾಕುವಿನಿಂದ ಹೆಸರು ಕೆತ್ತಿ ಬಂದಿದ್ದ. ಬರ್ನಡೀನ್‌ಗೆ ಎರಡು ತುಂಬುವುದರೊಳಗೆ ತೀರಿಕೊಂಡ. ಫೋಟೋ ಇಲ್ಲ, ಕಾಗದ ಇಲ್ಲ. ಅಪ್ಪನ ಕೈಬರಹ ಅಂತ ಭೂಮಿಯ ಮೇಲೆ ಉಳಿದದ್ದು ಆ ಒಂದು ಮರ, ಅದು ಎಲ್ಲಿದೆ ಅಂತ ಅವಳಿಗೆ ಗೊತ್ತಿಲ್ಲ.

ಗೊತ್ತಿದ್ದವನು ಓರ್ವಲ್ ಟಿಬೆಟ್ಸ್ ಒಬ್ಬನೇ. ಚಿನ್ನದ ಗಣಿಯಲ್ಲಿ ಭೂಮಾಪಕನಾಗಿದ್ದವನು, ವಯಸ್ಸು ಎಂಬತ್ತಮೂರು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಗುಡ್ಡ ಅಳೆಯುತ್ತಿದ್ದಾಗ ‘ಫೆರ್ಮಿನ್ ಉಗಾಲ್ಡೆ’ ಎಂಬ ಹೆಸರನ್ನು ಕಣ್ಣಾರೆ ಕಂಡಿದ್ದ. ಆದರೆ ಯಾವ ಗುಡ್ಡ, ಯಾವ ಇಳಿಜಾರು? ಮುದುಕನ ನೆನಪು ಹಳೇ ಡೀಸೆಲ್ ಲಾರಿಯ ಹಾಗೆ, ಬಿಸಿಯಾಗಲು ಹೊತ್ತು ಬೇಕು. ವೃದ್ಧರ ಬಸ್ಸು ಅವನನ್ನು ಬೆಳಿಗ್ಗೆ ಹತ್ತಕ್ಕೆ ಇಳಿಸಿ ಹನ್ನೆರಡಕ್ಕೆ ಹತ್ತಿಸಿಕೊಂಡು ಹೋಗುತ್ತಿತ್ತು. ಮೊದಲ ಒಂದು ಗಂಟೆ ಅವನ ಬಾಯಲ್ಲಿ ಬರುವುದು ಬರೀ ಮೊಣಕಾಲಿನ ನೋವು. ಹನ್ನೊಂದು ದಾಟಿತು ಅಂದರೆ ಎಪ್ಪತ್ತನಾಲ್ಕನೇ ಇಸವಿ ಶುರು.

“ಇವತ್ತು ಒಂದು ಜ್ಞಾಪಕ ಬಂತು ಕಣಮ್ಮ,” ಅನ್ನುತ್ತಿದ್ದ. “ಮರದ ಕೆಳಗೆ ಒರತೆ ಇತ್ತು. ನೀರು ಕುಡಿದು ಹಲ್ಲು ಜುಮ್ಮಂದಿತ್ತು.”

ಅವಳು ಎಲೆ ಹಂಚುತ್ತಲೇ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದಳು: ಒರತೆ.

ಹೊರಗೆ ಎಲ್ಲಾದರೂ ಕೂತು ಮಾತಾಡಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ, ಸಿಬ್ಬಂದಿ ನಿಯಮ ಮೂವತ್ತೊಂದು. ಡೀಲರ್, ಅಂದರೆ ಎಲೆ ಹಂಚುವವರು, ಅತಿಥಿಯೊಂದಿಗೆ ಹೊರಗೆ ಒಂದು ಲೋಟ ಕಾಫಿ ಕುಡಿದರೂ ಅದು ಸಂಚು. ಸಂಚಿಗೆ ಶಿಕ್ಷೆ, ಕೆಲಸ ಬಿಟ್ಟು ಸೀದಾ ಮನೆಗೆ. ಮೇಜಿನ ಮುಂದೆ ಮಾತ್ರ ಮಾತು.

ಓರ್ವಲ್ ದಿನಕ್ಕೆ ತರುತ್ತಿದ್ದುದು ಅರವತ್ತು ಡಾಲರ್. ಆಟಕ್ಕೆ ಐದು ಡಾಲರಿನಂತೆ ಕಟ್ಟುತ್ತಿದ್ದ. ಆಟ ಸರಳ: ಎಲೆಗಳ ಮೊತ್ತ ಡೀಲರ್‌ನ ಮೊತ್ತಕ್ಕಿಂತ ಇಪ್ಪತ್ತೊಂದಕ್ಕೆ ಹತ್ತಿರ ಹೋಗಬೇಕು, ದಾಟಬಾರದು. ಮೊದಲ ಎರಡೇ ಎಲೆಯಲ್ಲಿ ಎಕ್ಕವೂ ಹತ್ತರ ಎಲೆಯೂ ಬಂದರೆ ಬ್ಲ್ಯಾಕ್‌ಜಾಕ್. ಎರಡು ಕಟ್ಟಿದವನಿಗೆ ಮೂರು, ಅಂದರೆ ಐದಕ್ಕೆ ಏಳೂವರೆ. ಲೆಕ್ಕ ಬಲ್ಲವನು ಜಾಣತನದಿಂದ ಆಡಿದರೆ ನೂರು ಡಾಲರ್ ಪಂದ್ಯದಲ್ಲಿ ಕ್ಯಾಸಿನೋಗೆ ಉಳಿಯುತ್ತಿದ್ದುದು ಸುಮಾರು ಅರ್ಧ ಡಾಲರ್. ಹಾಗಾಗಿ ಓರ್ವಲ್ ಎರಡು ಗಂಟೆ ಕೂತು, ಹೆಚ್ಚುಕಮ್ಮಿ ತಂದಷ್ಟೇ ಹಣ ಜೇಬಿಗಿಟ್ಟು ಬಸ್ಸು ಹತ್ತುತ್ತಿದ್ದ. ಕಂಪನಿಯ ಕಣ್ಣಿಗೆ ಇದು ಸಹಭಾಗಿತ್ವದ ಕೊರತೆಯಾಗಿ ಕಂಡಿತು.

ಕೊರತೆ ನೀಗಿಸಲು ಡೆಲ್ಬರ್ಟ್ ಪ್ರುಯಿಟ್ ಎಂಬವರು ಅತಿಥಿ ಸಂತೋಷ ನಿರ್ದೇಶಕರಾಗಿ ನೇಮಕಗೊಂಡರು. ಬಂದ ವಾರವೇ ಪ್ರಕಟಣೆ ಒಂದು:

“ಏಳೂವರೆ ಡಾಲರ್ ಪಾವತಿಸುವಾಗ ನೀಡಲಾಗುವ ಅರ್ಧ ಡಾಲರ್ ನಾಣ್ಯವು ಭಾರವಾಗಿದ್ದು, ಅತಿಥಿಗಳ ಪ್ಯಾಂಟಿನ ಜೇಬು ಜೋಲುತ್ತಿರುವುದು ಗಮನಕ್ಕೆ ಬಂದಿದೆ. ಸದರಿ ತೊಂದರೆಯ ನಿವಾರಣೆಗಾಗಿ, ಎರಡಕ್ಕೆ ಮೂರು ಇದ್ದ ಪಾವತಿಯನ್ನು ಐದಕ್ಕೆ ಆರು ಎಂದು ಏರಿಸಲಾಗಿದೆ.”

ಟೈರ್ ಅಂಗಡಿಯ ಹಾರ್ಲನ್ ಬೀಮರ್ ಪ್ರಕಟಣೆ ಓದಿ ಕುಣಿದಾಡಿಬಿಟ್ಟ. “ಮೂರಿದ್ದದ್ದನ್ನ ಆರು ಮಾಡಿದ್ದಾರೆ! ಡಬಲ್ ಕಣ್ರೀ ಡಬಲ್!”

“ಲೋ ಹಾರ್ಲನ್,” ಅಂದ ಓರ್ವಲ್. “ಮೊದಲು ಐದು ಡಾಲರ್‌ಗೆ ಏಳೂವರೆ ಬರ್ತಿತ್ತು. ಈಗ ಆರು.”

“ಅದನ್ನೇ ನಾನೂ ಹೇಳ್ತಿರೋದು. ಆರು!”

“ಏಳೂವರೆ ದೊಡ್ಡದೋ ಆರು ದೊಡ್ಡದೋ?”

“ಏಳೂವರೇಲಿ ಅರ್ಧ ಇದೆ ಯಜಮಾನ್ರೇ. ಅರ್ಧಂಬರ್ಧ ವ್ಯವಹಾರ ನಂಗಾಗಲ್ಲ. ಆರು ಅಂದ್ರೆ ಪೂರ್ತಿ ಆರು.”

ಹಾರ್ಲನ್‌ನ ಮಾತಿಗೆ ಇಡೀ ಮೇಜು ತಲೆದೂಗಿತು. ಆ ದಿನ ಊರಿನಲ್ಲಿ ಹಲವರು ಖುಷಿಗೆ ಎರಡೆರಡು ಸಲ ಆಡಿದರು. ನೂರಕ್ಕೆ ಅರ್ಧ ಡಾಲರ್ ಇದ್ದ ಕ್ಯಾಸಿನೋ ಪಾಲು ಎರಡರ ಹತ್ತಿರ ಬಂತು.

ಎರಡನೇ ಪ್ರಕಟಣೆ ಸಿಬ್ಬಂದಿ ಕಲ್ಯಾಣಕ್ಕೆ ಸಂಬಂಧಿಸಿದ್ದು. ಅಲ್ಲಿಯವರೆಗೆ ಡೀಲರ್ ಹದಿನೇಳು ಬಂದ ಕೂಡಲೇ ನಿಲ್ಲಬೇಕಿತ್ತು. ಆದರೆ ಎಕ್ಕವನ್ನು ಒಂದು ಅಂತಲೂ ಹನ್ನೊಂದು ಅಂತಲೂ ಎಣಿಸಬಹುದಾದ್ದರಿಂದ, ಎಕ್ಕ ಸೇರಿದ ಹದಿನೇಳಿಗೆ ಇನ್ನೊಂದು ಎಲೆ ಎಳೆದರೆ ದಾಟಿಹೋಗುವ ಭಯವಿಲ್ಲ. “ಡೀಲರ್‌ಗಳಿಗೂ ಆಸೆ ಆಕಾಂಕ್ಷೆಗಳಿದ್ದು, ಅಂಥ ಸಂದರ್ಭದಲ್ಲಿ ಅವರನ್ನು ತಡೆಯುವುದು ಅಮಾನವೀಯ” ಎಂದು ಹೇಳಿ ಪ್ರಕಟಣೆಯು ಆ ಎಲೆ ಎಳೆಯಲು ಅಪ್ಪಣೆ ಕೊಟ್ಟಿತು. ಕ್ಯಾಸಿನೋ ಪಾಲು ಇನ್ನಷ್ಟು ಬೆಳೆಯಿತು.

“ನಾನೇನೂ ಕೇಳಿರಲಿಲ್ಲ ಸರ್,” ಅಂದಳು ಬರ್ನಡೀನ್.

“ಕೇಳದೇ ಇದ್ದದ್ದೇ ನಿಮ್ಮ ದೊಡ್ಡತನ ಮೇಡಂ,” ಅಂದರು ಪ್ರುಯಿಟ್, ಕಣ್ಣು ಒದ್ದೆ ಮಾಡಿಕೊಂಡು.

ಮೂರನೆಯದು ಮಾನಸಿಕ ಆರೋಗ್ಯದ ವಿಷಯ. ಇಬ್ಬರ ಮೊತ್ತವೂ ಸಮ ಬಂದರೆ ಮೊದಲು ಯಾರ ಹಣ ಅವರಿಗೆ. ಇದರಿಂದ ಅತಿಥಿಗಳು ತಾವು ಗೆದ್ದೆವೋ ಇಲ್ಲವೋ ತಿಳಿಯದೆ ಗೊಂದಲಕ್ಕೆ ಬೀಳುತ್ತಿದ್ದಾರೆಂದು ಭಾವಿಸಿ, ಸಮ ಬಂದರೆ ಹಣ ಕ್ಯಾಸಿನೋಗೆ ಎಂದು ಗೊಂದಲ ಪರಿಹರಿಸಲಾಯಿತು. ಅದೇ ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಾಲು: ಕನಿಷ್ಠ ಪಂದ್ಯ ಹದಿನೈದು ಡಾಲರ್, ಪಂದ್ಯ ಕಟ್ಟದವರು ಕುರ್ಚಿಯಲ್ಲಿ ಕೂರತಕ್ಕದ್ದಲ್ಲ.

ಅರವತ್ತು ಡಾಲರಿಗೆ ಈಗ ನಾಲ್ಕೇ ಪಂದ್ಯ. ಜೊತೆಗೆ ಎಲೆ ಕಲೆಸಲು ಯಂತ್ರ ಬಂದು, ಕಲೆಸುವಾಗ ಸಿಗುತ್ತಿದ್ದ ಬಿಡುವೂ ಹೋಯಿತು. ಓರ್ವಲ್ ಮೊದಲ ದಿನ ಹನ್ನೊಂದು ನಿಮಿಷ ಕೂತ. ಮರುದಿನ ಒಂಬತ್ತು. ಒಮ್ಮೆ ಅದೃಷ್ಟ ಖುಲಾಯಿಸಿ ಮೂವತ್ತೊಂದು ನಿಮಿಷ ಕೂತಾಗ ಬರ್ನಡೀನ್‌ಗೆ ಹಬ್ಬ ಆದಂತಾಯಿತು. ಆದರೆ ಅಷ್ಟರಲ್ಲಿ ಎಡಗಾಲಿನ ಮೊಣಕಾಲಿನ ವಿಷಯವೇ ಮುಗಿದಿರಲಿಲ್ಲ.

ಉಳಿದ ಹೊತ್ತು ಅವನು ಬಾಗಿಲಾಚೆ, ಹಿತ್ತಾಳೆಯ ಹೇಸರಗತ್ತೆಯ ಪಕ್ಕದ ಬೆಂಚಿನಲ್ಲಿ ಗಾಳಿಗೆ ಕೂರುತ್ತಿದ್ದ. ಹನ್ನೊಂದು ಹೊಡೆಯುತ್ತಲೇ ಅವನಿಗೆ ಜ್ಞಾಪಕ ಬರುವುದು, ಅವನು ಎದ್ದು ಗಾಜಿನಾಚೆಯಿಂದ ಎರಡೂ ಕೈಯಲ್ಲಿ ಗುಡ್ಡದ ಆಕಾರ ತೋರಿಸುವುದು, ಅವಳು ಕತ್ತು ಚಾಚುವುದು. ಮೂರನೇ ದಿನ ಕಾವಲಿನವನು ಬಂದು ತಡೆದ.

“ಅಜ್ಜ, ಕೈಸನ್ನೆ ಮಾಡಬಾರ್ದು. ಕ್ಯಾಮೆರಾದವರು ಎಲೆ ಹೇಳಿಕೊಡ್ತಿದ್ದೀರಿ ಅಂತಿದ್ದಾರೆ.”

“ಇದು ಗುಡ್ಡ ಕಣಯ್ಯ!”

“ಗುಡ್ಡಾನೂ ತೋರಿಸಬಾರ್ದು.”

ಬರ್ನಡೀನ್ ಗಾಜಿನಾಚೆ ನೋಡುತ್ತ ಲೆಕ್ಕ ಹಾಕಿದಳು. ಮುದುಕ ಇವತ್ತು ಇದ್ದಾನೆ, ನಾಳೆಗೆ ಯಾರು ಹೊಣೆ? ಅವನು ಹೋದರೆ ಮರವೂ ಹೋಯಿತು, ಅಪ್ಪನೂ ಎರಡನೇ ಸಲ ಹೋದ. ಊಟದ ಬಿಡುವಿನಲ್ಲಿ ಅವಳು ಸೀದಾ ನಿರ್ದೇಶಕರ ಕೋಣೆಗೆ ನುಗ್ಗಿದಳು. ಅಲ್ಲಿ ಪ್ರುಯಿಟ್ ತಲೆ ಮೇಲೆ ಕೈಹೊತ್ತು ಕೂತಿದ್ದರು.

“ಒಂದು ಮೇಜಾದ್ರೂ ಹಳೇ ನಿಯಮಕ್ಕೆ ಬಿಡಿ ಸರ್. ಜನ ಎರಡು ಗಂಟೆ ಕೂರಲಿ.”

“ನಂಗೂ ಅದೇ ಚಿಂತೆ ಮೇಡಂ. ಹತ್ತೂಕಾಲಿಗೆಲ್ಲ ಎಲ್ಲರ ಸಹಭಾಗಿತ್ವ ಮುಗಿದುಹೋಗತ್ತೆ. ಕುರ್ಚಿ ಖಾಲಿ. ಖಾಲಿ ಕುರ್ಚಿ ಕಂಡ್ರೆ ಹೊಸಬರು ಒಳಗೇ ಬರಲ್ಲ. ಹಣಾನೂ ಬರಬೇಕು, ಜನಾನೂ ಕೂರಬೇಕು. ಹೇಗೆ?”

“ಹಾಗಾದ್ರೆ ಎಲೆ ಯಾಕೆ ಬೇಕು?” ಎಂದು ಸಿಡಿದಳು. “ಬಂದ ಕೂಡ್ಲೇ ಅರವತ್ತು ಡಾಲರ್ ಕಿತ್ಕೊಂಡು ಮಧ್ಯಾಹ್ನದ ತನಕ ಸುಮ್ಮನೆ ಕೂರಿಸಿಬಿಡಿ! ಪಾಪ, ಅವರಿಗೂ ಎಲೆ ಎಣಿಸೋ ಕಷ್ಟ ತಪ್ಪತ್ತೆ!”

ಪ್ರುಯಿಟ್ ತಲೆಯಿಂದ ಕೈ ತೆಗೆದರು. ಆಮೇಲೆ ಮೆಲ್ಲಗೆ ಪೆನ್ನು ಎತ್ತಿಕೊಂಡರು.

ಸೋಮವಾರ ನಾಲ್ಕನೇ ಪ್ರಕಟಣೆ ಅಂಟಿಸಲಾಯಿತು. ನಾಲ್ಕನೇ ಮೇಜು ಇನ್ನು ಮುಂದೆ ‘ನೇರ ಸಹಭಾಗಿತ್ವ ಮೇಜು’. ಅತಿಥಿಯು ಅರವತ್ತು ಡಾಲರ್ ಡೀಲರ್‌ಗೆ ಒಪ್ಪಿಸತಕ್ಕದ್ದು. ಡೀಲರ್ ಧನ್ಯವಾದ ಹೇಳತಕ್ಕದ್ದು. ತದನಂತರ ಎರಡು ಗಂಟೆ ಕುರ್ಚಿ ಅತಿಥಿಯದು. ಎಲೆ ಹಂಚತಕ್ಕದ್ದಲ್ಲ. ಫಲಿತಾಂಶ ಮೊದಲೇ ಖಚಿತವಾಗಿರುವುದರಿಂದ ಇದು ಜೂಜಲ್ಲವೆಂದೂ, ಆದಕಾರಣ ಜೂಜಿನ ಯಾವ ಕೆಡುಕೂ ಇದಕ್ಕಿಲ್ಲವೆಂದೂ ವಕೀಲರು ಬರೆದುಕೊಟ್ಟಿದ್ದರು. ಬರ್ನಡೀನ್‌ಗೆ ತಿಂಗಳ ಅತ್ಯುತ್ತಮ ಉದ್ಯೋಗಿ ಎಂಬ ಫಲಕ ಸಿಕ್ಕಿತು.

ಅವಳು ನಾಚಿಕೆಯಿಂದ ತಲೆ ಎತ್ತದೆ ಓರ್ವಲ್‌ಗೆ ನಿಯಮ ಓದಿ ಹೇಳಿದಳು. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ.

“ನಿನ್ನೆ ತನಕ ಅರವತ್ತಕ್ಕೆ ಹನ್ನೊಂದು ನಿಮಿಷ. ಇವತ್ತು ನೂರಾ ಇಪ್ಪತ್ತು ನಿಮಿಷ. ಬರ್ನಿ, ಈ ಕಂಪನಿ ಆಟಗಾರನ ಪರವಾಗಿ ಮಾಡಿದ ಮೊದಲನೇ ನಿಯಮ ಕಣಮ್ಮ ಇದು!”

“ನೂರಕ್ಕೆ ನೂರು ಹೋಗತ್ತಲ್ಲ ಯಜಮಾನ್ರೇ!”

“ಹೋಗಲಿ ಬಿಡು. ಏನು ಹೋಗತ್ತೆ ಅಂತ ಗೊತ್ತಾದ್ಮೇಲೆ ಏನು ಉಳಿಯತ್ತೆ ಅಂತ ನೋಡಬಹುದು.”

ಮರುದಿನ ಅವನು ಕೋಟಿನೊಳಗಿಂದ ಗಣಿಯ ಹಳೇ ನಕ್ಷೆ ಹೊರತೆಗೆದು ಹಸಿರು ಬಟ್ಟೆಯ ಮೇಲೆ ಹಾಸಿದ. ಕಾವಲಿನವನು ಓಡಿ ಬಂದ. ನಿಯಮ ಓದಿ ನೋಡಿದರೆ ಎಲೆ ಹಂಚಬಾರದು ಅಂತಿತ್ತು, ನಕ್ಷೆ ಹಾಸಬಾರದು ಅಂತಿರಲಿಲ್ಲ. ಅವನು ಒಂದು ಸಲಾಮು ಹೊಡೆದು ಹೋದ.

ಒಂಬತ್ತು ದಿನ ಇಬ್ಬರೂ ನಕ್ಷೆಯ ಮೇಲೆ ಬಗ್ಗಿ ಕಚ್ಚಾಡಿದರು. ಒರತೆ ಇರುವ ಕಣಿವೆಗಳೇ ಹದಿನಾಲ್ಕು. ಅವುಗಳಲ್ಲಿ ಆಸ್ಪೆನ್ ಬೆಳೆಯುವಂತೆ ಉತ್ತರಕ್ಕೆ ಮುಖ ಮಾಡಿದವು ಐದು. ಹಾರ್ಲನ್ ಪಕ್ಕದ ಕುರ್ಚಿಗೆ ಅರವತ್ತು ಡಾಲರ್ ಕೊಟ್ಟು ಕೂತು, ತನಗೇನೂ ಗೊತ್ತಿಲ್ಲದ ಗುಡ್ಡಗಳ ಬಗ್ಗೆ ಬಿಟ್ಟಿ ಸಲಹೆ ಕೊಡುತ್ತಿದ್ದ. ಹತ್ತನೇ ದಿನ, ಹನ್ನೊಂದು ನಲವತ್ತಕ್ಕೆ, ಓರ್ವಲ್‌ನ ಬೆರಳು ಒಂದು ಕಡೆ ನಿಂತಿತು.

“ಇಲ್ಲೇ. ಇಲ್ಲಿ ನನ್ನ ಅಳತೆ ಸರಪಣಿ ಕಲ್ಲಿಗೆ ಸಿಕ್ಕಿಹಾಕ್ಕೊಂಡಿತ್ತು. ಬಿಡಿಸೋಕೆ ಅಂತ ಬಗ್ಗಿ ತಲೆ ಎತ್ತಿದ್ರೆ ಎದುರಿಗೇ ನಿಮ್ಮಪ್ಪ.”

ಬರ್ನಡೀನ್ ಕಿಟಾರನೆ ಕೂಗಿ, ಮೇಜು ದಾಟಿ ಮುದುಕನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

ಗೆಲ್ಲಲು ಅವಕಾಶವೇ ಇಲ್ಲದ ಮೇಜಿನಲ್ಲಿ ಗೆಲುವಿನ ಕೂಗು ಕೇಳಿಬಂದದ್ದು ಗಂಭೀರ ವಿಷಯ. ಪ್ರುಯಿಟ್ ಇಬ್ಬರು ಸಾಕ್ಷಿಗಳೊಂದಿಗೆ ಧಾವಿಸಿದರು.

“ಏನು ಗೆದ್ದಿರಿ?”

“ಒಂದು ಮರ,” ಅಂದ ಓರ್ವಲ್. “ಗೆದ್ದದ್ದು ನಾನು. ಅವಳಿಗೆ ಕೊಟ್ಟೆ.”

ಪ್ರುಯಿಟ್ ಯೋಚಿಸಿದರು. ಇಲ್ಲ ಅಂದರೆ ಕಂಪನಿ ಗೆಲುವನ್ನು ತಡೆಹಿಡಿದಂತಾಗುತ್ತದೆ. ರಾಜ್ಯದ ಕಾನೂನಿನಲ್ಲಿ ಅದು ಅಪರಾಧ. ಹೂಂ ಅಂದರೆ ಖರ್ಚು ಸೊನ್ನೆ. ಅವರು ಪಾವತಿ ನಮೂನೆ ತರಿಸಿ, ‘ಗೆದ್ದ ವಸ್ತು’ ಎಂಬಲ್ಲಿ ‘ಮರ, ಒಂದು’ ಎಂದು ಬರೆದರು. ವಸ್ತುವಿನ ಸ್ಥಿತಿಯನ್ನು ಸ್ಥಳಕ್ಕೆ ಹೋಗಿ ತುಂಬಬೇಕಿತ್ತು. ಕಂಪನಿಯ ಅಧಿಕೃತ ಪ್ರತಿನಿಧಿಯಾಗಿ ವಿಜೇತರ ಜೊತೆ ಹೋಗಲು ನಾಲ್ಕನೇ ಮೇಜಿನ ಡೀಲರನ್ನೇ ನೇಮಿಸಲಾಯಿತು. ನಿಯಮ ಮೂವತ್ತೊಂದು ಅತಿಥಿಗಳಿಗೆ ಅನ್ವಯಿಸುತ್ತದೆಯೇ ಹೊರತು ವಿಜೇತರಿಗಲ್ಲ.

ಮಂಗಳವಾರ ಹೋದರು. ಬುಧವಾರ ಬರ್ನಡೀನ್ ನಮೂನೆ ತಂದು ಮೇಜಿನ ಮೇಲಿಟ್ಟಳು. ಕಣ್ಣು ಊದಿತ್ತು, ಮುಖದ ತುಂಬ ನಗು. ‘ಸ್ಥಿತಿ’ ಎಂಬಲ್ಲಿ ಬರೆದಿತ್ತು: “ನಿಂತಿದೆ. ಎರಡು ಹೆಸರಿವೆ. ಮೇಲೆ ಫೆರ್ಮಿನ್. ಕೆಳಗೆ, ಸ್ವಲ್ಪ ಸಣ್ಣದಾಗಿ, ಬರ್ನಡೀನ್.”

ಪ್ರುಯಿಟ್ ಹುಬ್ಬು ಗಂಟಿಕ್ಕಿದರು. ಲೆಕ್ಕ ಮಾಡುವ ಯಂತ್ರ ಒತ್ತಿದರು. “ಇದು ಸರಿ ಹೋಗಲ್ಲ ಮೇಡಂ. ಐದಕ್ಕೆ ಆರರ ಪ್ರಕಾರ ಒಂದು ಹೆಸರಿಗೆ ಒಂದು-ಪಾಯಿಂಟ್-ಎರಡು ಹೆಸರು ಬರಬೇಕು. ನಿಮಗೆ ಎರಡು ಬಂದಿದೆ. ಪಾಯಿಂಟ್ ಎಂಟು ಹೆಸರು ಹೆಚ್ಚುವರಿ ಪಾವತಿ.”

“ಹಳೇ ನಿಯಮ ಇದ್ದಿದ್ರೂ ಒಂದೂವರೆಯೇ ಬರ್ತಿತ್ತು ಸರ್,” ಅಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. “ನಮ್ಮಪ್ಪನಿಗೆ ನಿಯಮ ಗೊತ್ತಿರಲಿಲ್ಲ.”

ವಿಷಯವನ್ನು ಆಡಳಿತ ಮಂಡಳಿಯ ಮುಂದಿಡಲಾಯಿತು. ಮೃತರು ಕಂಪನಿಯ ಡೀಲರ್ ಆಗಿರಲಿಲ್ಲವಾದ್ದರಿಂದ ಹೆಚ್ಚುವರಿ ಪಾಯಿಂಟ್ ಎಂಟು ಹೆಸರನ್ನು ಸದ್ಭಾವನೆಯ ಮೇರೆಗೆ ಮನ್ನಾ ಮಾಡಿ, ನಮೂನೆಯ ಮೇಲೆ ‘ಪಾವತಿಸಲಾಗಿದೆ’ ಎಂಬ ಮೊಹರು ಒತ್ತಲಾಯಿತು. ಗುರುವಾರ ಬೆಳಿಗ್ಗೆ ನಾಲ್ಕನೇ ಮೇಜಿನ ಮುಂದೆ ಮೂವತ್ತೇಳು ಜನ ಅರವತ್ತು ಅರವತ್ತು ಡಾಲರ್ ಹಿಡಿದು ಸಾಲು ನಿಂತಿದ್ದರು. ಎಲ್ಲರಿಗಿಂತ ಮುಂದೆ ಹಾರ್ಲನ್.

“ನಂಗೆ ಮರ ಬೇಡಮ್ಮ, ಅಂಗಡಿ ಎದುರಿಗೆ ಒಂದಿದೆ,” ಅಂದ, ಹಣ ಒಪ್ಪಿಸುತ್ತ. “ನಂಗೂ ನಮ್ಮಪ್ಪ ಒಬ್ಬ ಇದ್ದ. ಸುಮ್ಮನೆ ಕೂತು ನೋಡ್ತೀನಿ.”

ಬರ್ನಡೀನ್ ನಿಯಮದ ಪ್ರಕಾರ ಧನ್ಯವಾದ ಹೇಳಿ, ಕುರ್ಚಿ ಎಳೆದುಕೊಟ್ಟಳು.