ಕೆಂಗೇರಿ ಕೆರೆಯ ಡೀಸೆಲ್ ದೋಣಿಗೆ ಏನು ಬೆರೆಸತಕ್ಕದ್ದು ಎಂಬ ಬಗ್ಗೆ

ಕೆರೆ ದೋಣಿ ವಿಭಾಗ, ಕೆಂಗೇರಿ ಶಾಖೆ
ಸಂಖ್ಯೆ: ಕೆದೋವಿ/ಡೀಸೆಲ್/1/57-58
ದಿನಾಂಕ: 28-10-1957

ವಿಷಯ: ಕೆರೆಯ ಅಂತರಗಂಗೆ ಕಳೆ ತೆಗೆಯುವ ದೋಣಿಯ ಡೀಸೆಲ್‌ಗೆ ಬೇರೆ ಪದಾರ್ಥದ ಅಗತ್ಯ; ಚಾಲಕ ತಿಮ್ಮಯ್ಯನವರ ಅಮಾನತು.

ಉಲ್ಲೇಖ: ಆಯುಧಪೂಜೆಯ ಮರುದಿನ ಎಂಜಿನ್ನು ಕೆಮ್ಮಿ ನಿಂತ ಬಗ್ಗೆ ವರದಿ.

1. ಸದರಿ ದಿನ ದೋಣಿಯು ಕೆಸರಿನಲ್ಲಿ ನಿಂತು, ತಪಾಸಣೆಗೆ ಹೋಗಿದ್ದ ಹೆಡ್ ಗುಮಾಸ್ತ ಪಂಚಾಕ್ಷರಿಯವರು ಪಂಚೆ ಎತ್ತಿಕಟ್ಟಿ ದಡಕ್ಕೆ ನಡೆದು ಬರಬೇಕಾಯಿತು. ಡೀಸೆಲ್‌ಗೆ ಶಕ್ತಿವರ್ಧಕ ಬೆರೆಸದ ನಿರ್ಲಕ್ಷ್ಯವೇ ಕಾರಣವೆಂದು ತೀರ್ಮಾನಿಸಿ ತಿಮ್ಮಯ್ಯನವರನ್ನು ಅಮಾನತಿನಲ್ಲಿ ಇಡಲಾಗಿತ್ತು.

2. ಅನಂತರ ವಿಭಾಗದಿಂದಲೇ ಸೋಮವಾರ ಹರಳೆಣ್ಣೆ, ಮಂಗಳವಾರ ಕರ್ಪೂರ, ಬುಧವಾರ (ಕೆಮ್ಮನ್ನು ಗಮನದಲ್ಲಿಟ್ಟುಕೊಂಡು) ಶುಂಠಿ ಕಷಾಯ ಬೆರೆಸಲಾಯಿತು. ಗುರುವಾರದಿಂದ ಎಂಜಿನ್ನು ಕೆಮ್ಮುವುದನ್ನೂ ನಿಲ್ಲಿಸಿತು. ಇದನ್ನು ಭಾಗಶಃ ಗುಣವೆಂದು ದಾಖಲಿಸಲಾಗಿದೆ.

3. ತಿಮ್ಮಯ್ಯನವರ ಹೇಳಿಕೆ, ಇದ್ದಂತೆಯೇ: "ಒಳ್ಳೆ ಡೀಸೆಲ್‌ಗೆ ಏನೂ ಬ್ಯಾಡ ಸಾಮಿ. ಸೋಸಿ ಹಾಕ್ತಿದ್ದೆ, ಓಡ್ತಿತ್ತು. ಈಗ ಅದರ ಹೊಟ್ಟೇಲಿ ನೀರ್ ಸೇರ್ಕಂಡೈತೆ. ತಳದ ತಿರುಪು ಬಿಚ್ಚಿ ನೋಡಿ, ಆಮೇಲೆ ಬೇಕಾದ್ರೆ ನನ್ನನ್ನ ಮನೆಗೆ ಕಳ್ಸಿ."

4. ಅನುಮತಿ ಪಡೆದು ಡೀಸೆಲ್ ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ, ಇಳಿದದ್ದನ್ನು ಗಾಜಿನ ಸೀಸೆಯಲ್ಲಿ ಒಂದು ದಿನ ಅಲುಗಿಸದೆ ಇಡಲಾಯಿತು. ಮೇಲೆ ಡೀಸೆಲ್, ತಳದಲ್ಲಿ ಎರಡು ಅಂಗುಲ ನೀರು, ನೀರಿನಲ್ಲಿ ಬಿಲ್ವಪತ್ರೆಯ ಚೂರು. ಪತ್ರೆಯನ್ನು ಡೀಸೆಲ್ ಕಂಪನಿಯವರು ಸರಬರಾಜು ಮಾಡಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ. ಕಷಾಯವೂ ಬಹುಪಾಲು ನೀರೇ ಎಂಬುದು ತಡವಾಗಿ ಗಮನಕ್ಕೆ ಬಂದಿದೆ.

5. ಆಯುಧಪೂಜೆಯಂದು ಮಿಕ್ಕ ಒಂದು ತಂಬಿಗೆ ತೀರ್ಥವನ್ನು ಟ್ಯಾಂಕಿಗೆ ಎರೆದದ್ದು ತಾವೇ ಎಂದು ಪಂಚಾಕ್ಷರಿಯವರು ಒಪ್ಪಿರುತ್ತಾರೆ: "ಎಂಜಿನ್ನಿಗೂ ಒಂದ್ ಗುಟುಕು ಇರ್ಲಿ ಅಂತ ಹಾಕೀನ್ರೀ, ತಪ್ಪೇನ್ರೀ?" ತಪ್ಪೆಂದು ಅವರಿಗೆ ಈ ಮೂಲಕ ತಿಳಿಸಲಾಗಿದೆ.

6. ಆದ್ದರಿಂದ ಆದೇಶಿಸಿರುವುದೇನೆಂದರೆ:
(ಅ) ಡೀಸೆಲ್ ಅನ್ನು ಬಟ್ಟೆಯಲ್ಲಿ ಸೋಸಿ ಹಾಕತಕ್ಕದ್ದು. ಏನನ್ನೂ ಬೆರೆಸತಕ್ಕದ್ದಲ್ಲ.
(ಆ) ತೀರ್ಥವನ್ನು ಹೊರಮೈಗೆ ಮಾತ್ರ ಪ್ರೋಕ್ಷಿಸತಕ್ಕದ್ದು. ಕುಡಿಯಲು ಇಚ್ಛಿಸುವ ಎಂಜಿನ್ನು ಲಿಖಿತ ಅರ್ಜಿ ಸಲ್ಲಿಸತಕ್ಕದ್ದು.
(ಇ) ಬೆರೆಸಲೆಂದು ಈಗಾಗಲೇ ಮಂಜೂರಾದ ಹಿತ್ತಾಳೆ ಚಮಚವನ್ನು ಹಿಂದಿರುಗಿಸುವ ನಮೂನೆ ಇಲ್ಲದಿರುವುದರಿಂದ, ಪ್ರತಿದಿನ ಬೆಳಗ್ಗೆ ಖಾಲಿ ಚಮಚವನ್ನು ಟ್ಯಾಂಕಿನ ಬಾಯಿಗೆ ಮೂರು ಬಾರಿ ಬಗ್ಗಿಸತಕ್ಕದ್ದು. ಚಮಚ ಖಾಲಿ ಇತ್ತೆಂದು ಪಂಚಾಕ್ಷರಿಯವರು ರುಜು ಹಾಕತಕ್ಕದ್ದು.
(ಈ) ಸದರಿ ಚಮಚ ಬಗ್ಗಿಸಲು, ಏನನ್ನೂ ಬೆರೆಸದ ಅನುಭವವುಳ್ಳವರು ಬೇರೆ ಯಾರೂ ಇಲ್ಲದ ಕಾರಣ ತಿಮ್ಮಯ್ಯನವರ ಅಮಾನತನ್ನು ರದ್ದುಪಡಿಸಲಾಗಿದೆ.

7. ಇದು ಟೈಪಾಗುತ್ತಿರುವಾಗಲೇ, ತಿಮ್ಮಯ್ಯನವರು ಸೋಸಿದ ಡೀಸೆಲ್ ಹಾಕಿ ಹೊರಡಿಸಿದ ದೋಣಿಯು ಆಚೆ ದಡ ಮುಟ್ಟಿದ ಸದ್ದು ಕೇಳಿಬಂದಿದೆ. ಆದೇಶ ತಲುಪುವ ಮೊದಲೇ ಓಡಿದ್ದಕ್ಕೆ ಎಂಜಿನ್ನಿನಿಂದ ಸಮಜಾಯಿಷಿ ಕೇಳಲಾಗಿದೆ.

(ಸಹಿ)
ಮೇಲ್ವಿಚಾರಕರು

ಪ್ರತಿಗಳು:
ತಿಮ್ಮಯ್ಯನವರಿಗೆ, ಈಚೆ ದಡಕ್ಕೆ ಬಂದ ಮೇಲೆ.
ಪಂಚಾಕ್ಷರಿಯವರಿಗೆ, ಪಂಚೆ ಒಣಗಿದ ಮೇಲೆ.
ಎಂಜಿನ್ನಿಗೆ, ಹೊರಮೈಗೆ ಮಾತ್ರ.
ಬಿಲ್ವಪತ್ರೆ ಕಡತಕ್ಕೆ.